ನಿತ್ಯಾನಂದ ಮಾವನ ಗರಿಗಾಳ

೩ ಮಾರ್ಚ್ ೨೦೨೫, ಸೋಮವಾರ. ಬೆಳಿಗ್ಗೆ ೯.೧೦

ಘಟ್ಟದ ನೀರಿನಲ್ಲಿ ಹುಟ್ಟಿ ಬೆಳ್ತಂಗಡಿಯವರೆಗೆ ಕೀರ್ತಿ ಹರಡಿದ, ಬೆಳ್ಳಿಯ ಕವಚ ಧರಿಸಿದ, ಹೊಳೆಯ ಸಮಸ್ತ ಬಂಡೆಗಳಿಗೂ ಗುಂಡಿಗಳಿಗೂ ಏಕೈಕ ಒಡೆಯರಾದ ಶ್ರೀಮನ್ಮಹಾಮೀನರಾಜರ ದಿವ್ಯ ಸನ್ನಿಧಾನಕ್ಕೆ, ಡಿಗ್ರಿಯ ಎರಡು ಪೇಪರ್ ಬಾಕಿ ಇರುವ ತರುಣ್ ಎಂಬ ಪಾಮರನು ಸಾಷ್ಟಾಂಗ ಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ: ದಯವಿಟ್ಟು ಒಮ್ಮೆ ಕಚ್ಚಿ.

ಇವತ್ತಿಗೆ ಹದಿನೇಳು ದಿನ. ಮೀನು ಸೊನ್ನೆ. ಮಾವ ಆರಕ್ಕೇ ಎಬ್ಬಿಸಿದರು. ಮೊಣಕಾಲಿನವರೆಗೆ ನೀರು, ಪಾದ ಮರಗಟ್ಟಿದೆ. ಸಾಕಾಯಿತು...

೯ ಮಾರ್ಚ್, ಭಾನುವಾರ

ಚರಿತ್ರೆಗೆ ಬೇಕಾಗಬಹುದು, ಬರೆದಿಡುತ್ತೇನೆ. ನಿತ್ಯಾನಂದ ಮಾವ, ಅಮ್ಮನ ತಮ್ಮ. ಮಸ್ಕತ್‌ನಲ್ಲಿ ಹತ್ತೊಂಬತ್ತು ವರ್ಷ ಹೋಟೆಲ್ ಅಡುಗೆ. ನವೆಂಬರ್‌ನಲ್ಲಿ ಸ್ಟ್ರೋಕ್. ಬಲಗೈ ಭುಜದ ಮಟ್ಟಕ್ಕೂ ಏಳುವುದಿಲ್ಲ. ಮೂಡುಬಿದಿರೆಯ ಫಿಸಿಯೋ ಮೇಡಂ ಹಿಂಡಲು ಹಳದಿ ಚೆಂಡು ಕೊಟ್ಟರು. ಮಾವ ಅದನ್ನು ನಾಯಿಗೆ ಕೊಟ್ಟರು.

ಆಮೇಲೆ ಪೆಟ್ಟಿಗೆಯಿಂದ ಈ ಗಾಳದ ಕೋಲು ತೆಗೆದರು. ಅಲ್ಲಿಯ ಬ್ರಿಟಿಷ್ ಮ್ಯಾನೇಜರ್ ಕೊಟ್ಟದ್ದಂತೆ. ಎರೆಹುಳ ಬೇಡ. ಕೊಕ್ಕೆಗೆ ಕೋಳಿಯ ಗರಿ ಕಟ್ಟಿ ನೊಣದ ವೇಷ ಹಾಕುವುದು, ಚಾಟಿಯ ಹಾಗೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸುವುದು. ಬೀಸಬೇಕಾದರೆ ಕೈ ಎತ್ತಲೇಬೇಕು. “ಚೆಂಡಿಗಿಂತ ಇದೇ ಒಳ್ಳೇದು, ಜೂನ್‌ವರೆಗೆ ಬಿಡ್ಬೇಡಿ” ಎಂದರು ಮೇಡಂ. ವೇಷ ಕಟ್ಟುವವನು ನಾನು, ಅಮ್ಮನ ಹೊಲಿಗೆ ನೂಲಿನಲ್ಲಿ.

ಮಾವನ ಲೆಕ್ಕ ಬೇರೆ. “ಒಂದು ಮೀನು ನನ್ನ ಕೈಗೆ ಬರ್ಲಿ. ಮರುದಿನವೇ ಮಸ್ಕತ್‌ಗೆ ಟಿಕೆಟ್ ಮಾಡ್ತೇನೆ. ಮೀನು ಎಳೆಯುವ ಕೈ ಬಾಣಲೆ ಎತ್ತುದಿಲ್ವಾ?”

ಒಳಗಿನಿಂದ ಅಮ್ಮ: “ಮೊದ್ಲು ಲೋಟ ಎತ್ತಿ ತೋರ್ಸು.”

ಮಾವ ಎತ್ತಿ ತೋರಿಸಿದರು. ಎಡಗೈಯಲ್ಲಿ.

೧೪ ಮಾರ್ಚ್, ಶುಕ್ರವಾರ. ೧೦ ಗಂಟೆ

ಕೆಟ್ಟ ದಿನ. ಪಕ್ಕದ ಮನೆಯ ಸಂಕಪ್ಪಣ್ಣ ಹೊಳೆಗೆ ಬೀಸುಬಲೆ ತಂದರು. ಎರಡು ಬೀಸಿಗೆ ಅರ್ಧ ಬುಟ್ಟಿ. ಹೋಗುವಾಗ ಮಾವನನ್ನು ನೋಡಿ, “ಎಂತ ನಿತ್ಯಣ್ಣ, ಮೀನಿಗೆ ಸೆಕೆ ಅಂತ ಗಾಳಿ ಹಾಕುದಾ?”

ಮಾವ ಕೋಲು ಮಡಚಿ ಹೊರಟರು. ದಾರಿಯಲ್ಲಿ ಹೇಳಿದರು, “ನಾಳೆ ಬೇಡ ತರುಣ. ಈ ಕೈಯಲ್ಲಿ ಆಗುದಿಲ್ಲ.”

ನಾಳೆಯಿಂದ ಏಳು ಗಂಟೆಯವರೆಗೆ ಮಲಗಬಹುದಿತ್ತು. ಆದರೆ ನನ್ನ ಬಾಯಿ! ಪುರೋಹಿತರ ಮುಖ ಮಾಡಿ ಹೇಳಿದೆ: “ಕೈಯ ದೋಷ ಅಲ್ಲ ಮಾವ. ಬಣ್ಣದ ದೋಷ. ಶುಕ್ರವಾರ ಯಾರಾದ್ರೂ ಅಂಕಕ್ಕೆ ಬಿಳಿ ಕೋಳಿ ಬಿಡ್ತಾರಾ?”

ಮಾವ ನಿಂತುಬಿಟ್ಟರು. ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹೋಗುವವರು ವಾರ, ನಕ್ಷತ್ರ ನೋಡಿ ಹುಂಜದ ಬಣ್ಣ ಆರಿಸುತ್ತಾರೆ. ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಎಂಬುದಕ್ಕೆ ಲೆಕ್ಕವೇ ಉಂಟು. ಅದು ಮೀನಿಗೂ ಅನ್ವಯಿಸುತ್ತದೆ ಎಂಬ ಶಾಸ್ತ್ರವನ್ನು ಮಾತ್ರ ನಾನು ಅಲ್ಲೇ, ದಾರಿಯಲ್ಲೇ ರಚಿಸಿದೆ.

“ಹೌದಲ್ಲಾ ಮಾರಾಯ,” ಎಂದರು ಮಾವ. “ನಮ್ಮದೆಲ್ಲ ಬಿಳಿಯೇ ಇತ್ತು. ನಾಳೆಗೆ ಯಾವುದು?”

“ಕೆಂಪು.”

“ಹಾಗಾದ್ರೆ ಬೇಗ ಏಳು. ಐದೂವರೆಗೆ ಹೋಗುವ.”

೨೨ ಮಾರ್ಚ್, ಶನಿವಾರ

ಆಸ್ಥಾನ ಜ್ಯೋತಿಷಿಯ ಬದುಕು ಕಷ್ಟದ್ದು. ದಿನಕ್ಕೊಂದು ಬಣ್ಣ ಹುಡುಕಬೇಕು. ಸಂಕಪ್ಪಣ್ಣನ ಹುಂಜಗಳ ಬಾಲ ಒಂದೊಂದೇ ಗರಿಯಾಗಿ ಕಡಿಮೆಯಾಗುತ್ತಿದೆ. ಏನೋ ರೋಗ ಎಂದು ಅವರು ಅರಸಿನ ಹಚ್ಚುತ್ತಿದ್ದಾರೆ.

ಮಾವನ ಕೈ ಈಗ ಕಿವಿಯವರೆಗೆ ಬರುತ್ತದೆ. ಅವರಿಗೆ ಗೊತ್ತೇ ಇಲ್ಲ, ಗಮನ ಪೂರ್ತಿ ಗರಿಯ ಮೇಲೆ. ಅಮ್ಮ ನೋಡಿದಳು. ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಹೇಳಿದಳು.

ಬೆನ್ನು ನೋವು. ಪುಸ್ತಕ ತೆರೆದರೆ ನಿದ್ದೆ.

೩೦ ಮಾರ್ಚ್

ಬೂದು ಬಣ್ಣ. ಸೊನ್ನೆ. ಬರೆಯಲೂ ಸುಸ್ತು.

೬ ಏಪ್ರಿಲ್, ಭಾನುವಾರ. ಬೆಳಿಗ್ಗೆ ೮.೪೦

ಕಚ್ಚಿತು!

ದೊಡ್ಡ ಬಂಡೆಯ ಹಿಂದೆ, ನೀರು ಸುತ್ತುವ ಕಡೆ. ಗರಿ ಇಳಿಯಿತು, ಮಾಯವಾಯಿತು, ದಾರ ಬಿಗಿಯಾಯಿತು. ಮಾವನ ಬಲಗೈ ತಲೆಗಿಂತ ಮೇಲೆ! ಕೋಲು ಬಿಲ್ಲಿನ ಹಾಗೆ ಬಗ್ಗಿದೆ, ಮಾವ ಬೊಬ್ಬೆ ಹಾಕುತ್ತಿದ್ದಾರೆ — “ಬಲೆ ಹಿಡಿ ಮಾರಾಯ! ಎಂತ ನೋಡ್ತಾ ನಿಂತದ್ದು?”

ಕೈಬಲೆ ನನ್ನಲ್ಲಿತ್ತು. ಸೊಂಟದ ನೀರಿಗೆ ಇಳಿದೆ. ಗೇಣಿಗಿಂತ ಉದ್ದ, ಬೆಳ್ಳಿ ಮೈ, ಬಾಲ ಮಾತ್ರ ಕಿತ್ತಳೆ. ಬಲೆಯೊಳಗೆ ಬಂತು. ಮಾವನಿಗೆ ಬೆನ್ನು ಹಾಕಿ ಬಗ್ಗಿದೆ. ಆಮೇಲೆ ಬಲೆಯಲ್ಲಿ ಏನೂ ಇರಲಿಲ್ಲ.

“ಜಾರಿತು ಮಾವ.”

ಬೈಗುಳಕ್ಕೆ ತಯಾರಾಗಿ ನಿಂತೆ. ಮಾವ ದಾರ ಸುತ್ತಿಕೊಂಡರು. ಆಮೇಲೆ ತಮ್ಮ ಬಲಗೈಯನ್ನು ನೋಡಿದರು, ಬೇರೆ ಯಾರದ್ದೋ ಕೈ ನೋಡುವ ಹಾಗೆ.

“ಕೈಗೆ ಬರ್ಲಿಲ್ಲ. ಹಾಗಾಗಿ ಲೆಕ್ಕಕ್ಕಿಲ್ಲ,” ಎಂದರು. “ನಾಳೆ ಯಾವ ಬಣ್ಣ?”

ಅದೇ ದಿನ, ಮಧ್ಯಾಹ್ನ ೨

ಅಮ್ಮನಿಗೆ ಮೆಲ್ಲಗೆ ಹೇಳಿದೆ. ಮೀನು ಜಾರಿದ್ದಲ್ಲ, ನಾನೇ ಕೊಕ್ಕೆ ಬಿಡಿಸಿ ಬಲೆ ಮಗುಚಿದ್ದು ಎಂದು.

“ಒಳ್ಳೇದು ಮಾಡಿದಿ ಮಗಾ. ಜೂನ್‌ವರೆಗಾದ್ರೂ ಅವನ ಕೈ ಆಡ್ಲಿ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುರಿದ ಬಂಗುಡೆ ಎರಡು ಜಾಸ್ತಿ ಹಾಕಿದಳು. ತ್ಯಾಗಮೂರ್ತಿಯ ಮುಖ ಮಾಡಿಕೊಂಡು ಎರಡನ್ನೂ ತಿಂದೆ.

ಆದರೆ ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ? ಬಲೆ ಮಗುಚುವಾಗ ಮಾವನ ಕೈ ನನಗೆ ನೆನಪೇ ಆಗಲಿಲ್ಲ. ಫಿಸಿಯೋ ಮೇಡಂ ಕೂಡ. ಟಿಕೆಟ್ ಒಂದೇ ನೆನಪಾದದ್ದು. ಮಾವ ಹೋದರೆ ಬೆಳಿಗ್ಗೆ ನಾನು ಯಾರ ಹಿಂದೆ ಹೊಳೆಗೆ ಹೋಗಲಿ?