ಕೆಂಪು ಚುಕ್ಕೆಯ ರಿಲೇ

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕವರಿನ ಮೇಲೆ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಮೂರು ವರ್ಷದಿಂದ ನೀನು ಈ ಮನೆಯಿಂದ ಮಾಡಿದ ಫೋನ್ ಎತ್ತಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಅಪ್ಪನ ಕಾರು ಇವತ್ತು ಬೆಳಿಗ್ಗೆ ಸ್ಟಾರ್ಟ್ ಆಯಿತು. ಅದರ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ನೀನು ಹೇಳಿದ್ದು ನಿಜ ಅಕ್ಕಾ, ಪೂರ್ತಿ ನಿಜ.

ನಾಳೆ ಗುಜರಿಯವನು ಕಾರನ್ನು ಒಯ್ಯಲು ಬರುತ್ತಾನೆ. ನಿನ್ನೆ ಅಮ್ಮ ಶೆಡ್ಡಿನ ಬೀಗದಕೈಯನ್ನು ಸಾಸಿವೆ ಡಬ್ಬಿಯಿಂದ ತೆಗೆದು ನನ್ನ ಕೈಗಿಟ್ಟು, ಅದನ್ನ ಕಣ್ಣೆದುರಿಂದ ಸಾಗಿಸಪ್ಪ ಸಾಕು ಅಂದಳು. ಅಪ್ಪ ಹೋದ ದಿನ ಹಾಕಿದ ಬೀಗ ಅದು. ಇಷ್ಟು ದಿನ ಯಾರೂ ಆ ಕಡೆ ಸುಳಿಯುವಂತಿರಲಿಲ್ಲ, ನಾನೂ ಸುಳಿಯಲಿಲ್ಲ.

ನೀನು ಹೋದ ಮೇಲೆ ನಾನೊಂದು ಗ್ಯಾರೇಜಿಗೆ ಸೇರಿದೆ. ಮೊದಲ ದಿನವೇ ಅಲ್ಲಿನ ಮೇಸ್ತ್ರಿ ಒಂದು ಮಾತು ಕಲಿಸಿದ್ದರು. ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ ಅಂತ ಯಾರಾದರೂ ಗಾಡಿ ತಂದರೆ ಬಾನೆಟ್ ಎತ್ತೋಕೆ ಮುಂಚೆ ಕೇಳು, ಇದಕ್ಕೆ ಕೊನೇಲಿ ಕೈ ಹಾಕಿದೋರು ಯಾರು ಅಂತ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಾಗಿತ್ತು. ಅಪ್ಪ ಹೋಗುವ ಹಿಂದಿನ ದಿನ ಕಾರನ್ನು ಕೆಲಸಕ್ಕೆ ಒಯ್ದವಳು ನೀನು.

ಆ ಬೆಳಿಗ್ಗೆಯನ್ನು ಮತ್ತೆ ಬರೆಯಲು ಕೈ ಬರುತ್ತಿಲ್ಲ. ಅಪ್ಪ ಎದೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿದ್ದರು. ಎದುರುಮನೆ ಟೀಚರ್ ಕೀಲಿ ತಿರುಗಿಸುತ್ತಲೇ ಇದ್ದರು. ಎಂಜಿನ್ ಗರ ಗರ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಪೆಟ್ರೋಲಿನ ಮುಳ್ಳು ಸೊನ್ನೆಯಲ್ಲಿತ್ತು. ನೀನು ನಿನ್ನೆ ತಾನೇ ಹಾಕಿಸಿದ್ದೇನೆ ಎನ್ನುತ್ತಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ತಲುಪಿದಾಗ ಡಾಕ್ಟರ್, ಅರ್ಧ ಗಂಟೆ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಅಂದರು. ಅಮ್ಮ ಆ ಅರ್ಧ ಗಂಟೆಯನ್ನು ಹಿಡಿದುಕೊಂಡು ನಿನ್ನ ಮೇಲೆ ಬಿದ್ದಳು. ಖಾಲಿ ಗಾಡಿ ತಂದು ನಿಲ್ಲಿಸಿ ಅಪ್ಪನ್ನ ಕೊಂದೆ ಅಂದಳು. ಹದಿಮೂರನೇ ದಿನ ನೀನು ಪೆಟ್ಟಿಗೆ ಹಿಡಿದು ಹೊರಟಾಗ ನಾನು ಬಾಗಿಲಲ್ಲೇ ನಿಂತಿದ್ದೆ.

ಇವತ್ತು ಗ್ಯಾರೇಜಿನಿಂದ ಒಂದು ಬ್ಯಾಟರಿ ಕೇಳಿ ತಂದು ಜೋಡಿಸಿದೆ. ಹಾರ್ನ್ ಒತ್ತಿದರೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿತು. ಸೆಲ್ಫ್ ಹೊಡೆದೆ. ಅದೇ ಗರ ಗರ, ಅದೇ ಹಿಡಿಯದ ಎಂಜಿನ್. 

ಆಮೇಲೆ ಒಂದೊಂದಾಗಿ ನೋಡುತ್ತಾ ಹೋದೆ. ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ನೀಲಿಯಾಗಿ ಚೆನ್ನಾಗಿಯೇ ಬರುತ್ತಿತ್ತು. ಗಾಳಿಯ ಫಿಲ್ಟರಿನಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ಅದನ್ನು ಕಂಡು ನನಗೆ ನಾಚಿಕೆಯಿಲ್ಲದೆ ಖುಷಿಯಾಯಿತು. ಆದರೆ ಇಲಿ ಬಂದಿರುವುದು ಶೆಡ್ಡಿಗೆ ಬೀಗ ಬಿದ್ದ ಮೇಲೆ. ಟ್ಯಾಂಕಿಗೆ ಪೈಪ್ ಇಳಿಸಿ ಎಳೆದೆ. ಹಳೇ ವಾರ್ನಿಷ್ ವಾಸನೆಯ ಪೆಟ್ರೋಲ್ ಬಂತು, ಬರುತ್ತಲೇ ಇತ್ತು. ಎರಡು ಕ್ಯಾನ್ ತುಂಬಿ ಬಕೆಟ್ ತರಬೇಕಾಯಿತು. ಒಳಗೆ ಪೆಟ್ರೋಲಿನ ಮಟ್ಟ ಅಳೆಯುವ ತೇಲುಬುರುಡೆ ಸಿಕ್ಕಿಹಾಕಿಕೊಂಡು ಮುಳ್ಳು ಸೊನ್ನೆಯಲ್ಲೇ ಕೂತಿತ್ತು, ಅಷ್ಟೇ.

ಹೊಸ ಪೆಟ್ರೋಲ್ ಹಾಕಿದ ಮೇಲೂ ಹಿಡಿಯಲಿಲ್ಲ. ಅಪ್ಪನ ಅಭ್ಯಾಸ ನೆನಪಿದೆಯಾ? ಕೀಲಿಯನ್ನು ಅರ್ಧ ತಿರುಗಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಹಿಂದಿನ ಸೀಟಿನ ಕೆಳಗಿಂದ ಪೆಟ್ರೋಲ್ ಎಳೆಯುವ ಪಂಪಿನ ಗುಂಯ್ ಕೇಳಿದ ಮೇಲೆ, ಹೂಂ ಎದ್ದ ಕಣ್ರೋ ಅಂತ ಸ್ಟಾರ್ಟ್ ಮಾಡುತ್ತಿದ್ದರು. ನಾನೂ ಅರ್ಧ ತಿರುಗಿಸಿ ಕಿವಿಗೊಟ್ಟೆ. ಸದ್ದೇ ಇಲ್ಲ. ಆ ಬೆಳಿಗ್ಗೆ ನಮ್ಮ ಅಳುವಿನಲ್ಲಿ ಯಾರು ಕಿವಿಗೊಡಬೇಕಿತ್ತು ಹೇಳು.

ಫ್ಯೂಸ್ ಡಬ್ಬಿಯಲ್ಲಿ ಪಂಪಿಗೆ ಕರೆಂಟ್ ಬಿಡುವ ರಿಲೇ ಇರುತ್ತದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದು ಸತ್ತಿತ್ತು. ತಲೆಯ ಮೇಲೆ ಒಂದು ಕೆಂಪು ಚುಕ್ಕೆ ಇತ್ತು. ಪಕ್ಕದ ರಿಲೇ ತೆಗೆದು ಆ ಜಾಗಕ್ಕೆ ಒತ್ತಿದೆ. ಪಂಪ್ ಗುಂಯ್ ಅಂದಿತು, ಎಂಜಿನ್ ಹಿಡಿಯಿತು. ಇಂಥದ್ದು ತಾನಾಗಿಯೇ ಕೆಡುತ್ತದೆ ಅಕ್ಕಾ, ಯಾರ ತಪ್ಪೂ ಅಲ್ಲ.

ಸದ್ದು ಕೇಳಿ ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಕ್ಯಾನ್ ತೋರಿಸಿದೆ. ಬೆರಳು ಅದ್ದಿ ಮೂಸಿ ನೋಡಿ, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಅಲ್ಲಿಂದಲೇ, ಅವತ್ತು ಅವಳು ಬ್ಯಾಗೆಲ್ಲ ನೆಲಕ್ಕೆ ಸುರಿದು ಪೆಟ್ರೋಲ್ ಚೀಟಿ ಹುಡುಕ್ತಾ ಇದ್ಲು ಕಣೋ, ನಾನು ತಿರುಗಿ ಕೂಡ ನೋಡ್ಲಿಲ್ಲ ಅಂದು ಅತ್ತಳು. ಅಮ್ಮ ಹಾಗೆ ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿಲ್ಲ. ಈಗ ನಿನ್ನ ಕೋಣೆ ಗುಡಿಸುತ್ತಿದ್ದಾಳೆ. ಗುಜರಿಯವನಿಗೆ ಬರಬೇಡ ಅಂತ ಹೇಳಿಸಿದ್ದಾಳೆ.

ಒಂದು ಸಲ ಬಂದು ಹೋಗು. ಅಮ್ಮನ ಮೇಲೆ ಕೋಪವಿದ್ದರೆ ಬಂದೇ ಬೈದು ಹೋಗು.

ನಿನ್ನ ತಮ್ಮ,
ಬಿಚ್ಚಪ್ಪ
(ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕುತ್ತೇನೆಂದು ನೀನೇ ಇಟ್ಟ ಹೆಸರು, ಮರೆತಿರಲಾರೆ.)

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಆ ಕೆಂಪು ಚುಕ್ಕೆ ನಿನ್ನ ಉಗುರುಬಣ್ಣ. ಹಚ್ಚಿದವನು ನಾನು. ಅದು ಮೊದಲು ಹಾರ್ನಿನ ರಿಲೇ ಆಗಿತ್ತು ಅಕ್ಕಾ. ಒಮ್ಮೆ ಕೂಗಿದರೆ ನಾಲ್ಕು ಸಲ ಕೂಗುತ್ತಿರಲಿಲ್ಲ, ಅಪ್ಪ ಗೊಣಗುತ್ತಿದ್ದರು. ಗುರುತಿಗೆ ಚುಕ್ಕೆ ಇಟ್ಟು, ಪಕ್ಕದಲ್ಲಿದ್ದ ಅದೇ ಅಳತೆಯದರ ಜೊತೆ ಅದಲುಬದಲು ಮಾಡಿದೆ. ಪಕ್ಕದ್ದು ಪಂಪಿನದು ಅಂತ ಆಗ ಗೊತ್ತಿರಲಿಲ್ಲ. ಹಾರ್ನ್ ಕೂಗಿತು. ಅಪ್ಪ ಬೆನ್ನು ತಟ್ಟಿ, ನನ್ನ ಮಗ ಮೆಕ್ಯಾನಿಕ್ ಆದ ಅಂದರು. ಆ ಕೆಟ್ಟ ರಿಲೇ ಪಂಪನ್ನು ಎರಡು ದಿನ ಹೇಗೋ ಓಡಿಸಿತು. ಮೂರನೇ ದಿನ ಅಪ್ಪ ಇರಲಿಲ್ಲ.

ಮೇಸ್ತ್ರಿ ರಿಲೇ ಕೆಲಸ ಹೇಳಿಕೊಟ್ಟ ದಿನವೇ ನನಗೆ ಎಲ್ಲ ಅರ್ಥವಾಗಿತ್ತು. ಎರಡು ವರ್ಷವಾಯಿತು. ನಾನು ಶೆಡ್ಡಿಗೆ ಹೋಗದಿದ್ದದ್ದು ಅಮ್ಮನ ಬೀಗಕ್ಕೆ ಹೆದರಿ ಅಲ್ಲ. ಇವತ್ತು ಬಾನೆಟ್ ಎತ್ತಿದ ಕೂಡಲೇ ನೋಡಿದ್ದು ಆ ಚುಕ್ಕೆಯನ್ನೇ. ಪ್ಲಗ್, ಗಾಳಿ, ಪೆಟ್ರೋಲ್ ಎಂದು ಬರೆದೆನಲ್ಲ, ಬೇರೆ ಏನಾದರೂ ಕೆಟ್ಟಿರಲಪ್ಪ ಎಂಬ ಆಸೆಯಿಂದ ಮಾಡಿದ್ದು ಅಷ್ಟೂ. ಕೊನೆಯಲ್ಲಿ ಕೈ ಹಾಕಿದವನು ನಾನು.

ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳಿಗೆ ಇದನ್ನು ಓದಿ ಹೇಳದೆ ಅಂಚೆಗೆ ಹಾಕುವುದಿಲ್ಲ. ಕಾಗದ ನಿನ್ನ ಕೈ ಸೇರಿದ್ದರೆ, ಓದಿದ್ದೇನೆ ಎಂದು ತಿಳಿ.