ಎರ್ರೆಮ್ಮನ ಡ್ರಮ್ಮಿನ ನೀರು

ಮಾರ್ಚ್ 3. ಬೆಳಿಗ್ಗೆ 7

ಕೊಟ್ಟೂರಿನ ಸಮಸ್ತ ಮಹಾಜನತೆಗೆ ಘೋಷಣೆ: ಈ ಶುಭದಿನದಂದು ನಮ್ಮ ಮನೆಗೆ ಇನ್ನೂರು ಲೀಟರಿನ ನೀಲಿ ಡ್ರಮ್ಮು ಪಾದಾರ್ಪಣೆ ಮಾಡಿದೆ. ಮನೆಯಲ್ಲಿ ಉಳಿದಿದ್ದ ನಾಲ್ಕು ಕೊಡ ನೀರಿನಲ್ಲಿ ಅದಕ್ಕೆ ಎರಡು ಸಲ ಮಜ್ಜನ. "ಎಲ್ಲಾ ಚೆಲ್ಲಬ್ಯಾಡ್ರಿ," ಅಂದಳು ಹೆಂಡತಿ ಶಿವಮ್ಮ. ಅವಳಿಗೆ ಸಮಾರಂಭದ ಬೆಲೆ ಗೊತ್ತಿಲ್ಲ. ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ, ನಾಳೆಯೇ ಆ ದಿನ.

ಎದುರುಮನೆ ಎರ್ರೆಮ್ಮ ತನ್ನ ತುಂಬಿದ ಡ್ರಮ್ಮಿನ ಪಕ್ಕ ಕೋಲು ಹಿಡಿದು ಕೂತಿದ್ದಳು. ಒಂದು ಚೊಂಬು ಕೇಳಿದರೂ ಬೈಗುಳ. ಅವಳ ಎಡಗೈಯ ಎರಡು ಬೆರಳು ಅಂಟಿಕೊಂಡಿವೆ. 'ಇಕ್ಕಳ' ಎಂದು ಹೆಸರಿಟ್ಟವನು ನಾನೇ. ಓಣಿಯೆಲ್ಲ ಹಾಗೇ ಕರೆಯುತ್ತದೆ.

ಮಾರ್ಚ್ 4

ನಲ್ಲಿ ಬರಲಿಲ್ಲ. ಮೋಟರ್ ಸುಟ್ಟಿದೆಯಂತೆ. ಮಧ್ಯಾಹ್ನ ನಮ್ಮಂಥ ಮಿರ್ಚಿ-ಬಜ್ಜಿ ಅಂಗಡಿಯವರಿಗೆಲ್ಲ ಪ್ರಥಮ ಚಿಕಿತ್ಸೆ ತರಬೇತಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಪೇಸ್ಟು, ಶಾಯಿ ಬೇಡ ಅಂದರು. ಎದ್ದು ನಿಂತೆ: "ಸಾರ್, ನಮಗ ಎಂಟು ದಿನಕ್ಕೊಮ್ಮಿ ನೀರು. ಸುಟ್ಕೊಳ್ಳೋದೂ ಎಂಟು ದಿನಕ್ಕೊಮ್ಮಿನೇನ್ರಿ?" ಸಭೆ ನಕ್ಕಿತು. ಚಹಾ, ಬಿಸ್ಕತ್ತು, ವಂದನಾರ್ಪಣೆ.

ಮಾರ್ಚ್ 6

ನಿನ್ನೆ ಸಂಜೆ ಮನೆ ಮುಂದಿನ ಅಂಗಡಿಯಲ್ಲಿ ಬಾಣಲೆ ಮಗುಚಿತು. ಕಾದ ಎಣ್ಣೆ — ಶಿವಮ್ಮನ ಬಲಗೈ ಮೇಲೆ. ಆ ಕೂಗು...

ನಾನು ಓಡಿದ್ದು ಪೇಸ್ಟಿಗೆ. ತರಬೇತಿ ಪಡೆದ ಮಹಾಶಯ! ನೀಲಿ ಡ್ರಮ್ಮು ಫಳಫಳ, ಒಳಗೆ ಹನಿ ಇಲ್ಲ.

ಎರ್ರೆಮ್ಮ ಬಂದವಳೇ ಕೋಲಿನಿಂದ ಟ್ಯೂಬು ಹೊಡೆದು ಬೀಳಿಸಿದಳು. "ಅದನ್ನ ಹಚ್ಚಿಗಿಚ್ಚೀಯ! ಆಕಿನ್ನ ಕರ್ಕೊಂಡು ಬಾರಲೇ ಇತ್ಲಾಗ."

ತನ್ನ ಡ್ರಮ್ಮಿನ ಮುಚ್ಚಳ ತೆಗೆದಳು. ಚೊಂಬಿನಿಂದ ಹೊಯ್ದೆ. ಕೈ ಊದುವ ಮೊದಲು ಬಳೆ ತೆಗೆಯಬೇಕು. ಮುತ್ತೈದೆ ಕೈ ಬರಿದು ಮಾಡಲಾರೆ ಎಂದು ಶಿವಮ್ಮ ಅತ್ತಳು.

"ಗಂಡ ಇಲ್ಲೇ ಅದಾನ, ನೀರು ಹೊಯ್ಯಾಕತ್ಯಾನ. ತೆಗಿಯವ್ವಾ," ಅಂದಳು ಎರ್ರೆಮ್ಮ.

ತೆಗೆದಳು. ನೀರು ಪೋಲಾಗುತ್ತಿದೆ, ಕೆಳಗೆ ಬೋಗುಣಿ ಇಡಲೇ ಎಂದೆ.

"ಬಾಯಿ ಮುಚ್ಕೊಂಡು ಹೊಯ್ಯಿ."

ಇಪ್ಪತ್ತು ನಿಮಿಷ. ಡ್ರಮ್ಮಿನ ತಳ ಕಂಡಿತು. ತೊಳೆದ ಬಟ್ಟೆ ಸಡಿಲವಾಗಿ ಹೊದಿಸಿ ಆಟೋದಲ್ಲಿ ಆಸ್ಪತ್ರೆಗೆ. ನೀರು ಹೊಯ್ದದ್ದು ಒಳ್ಳೆಯದಾಯ್ತು ಅಂದರು ಡಾಕ್ಟರು. ಬೆರಳು ಮಡಚಲು ಬರುತ್ತದೋ ಇಲ್ಲವೋ — ಕಾದು ನೋಡಬೇಕು.

ಮಾರ್ಚ್ 15

ಬರೆಯಲಾಗಲಿಲ್ಲ. ಅಂಗಡಿ ಮುಚ್ಚಿದೆ. ಜಡೆ ಹೆಣೆಯುವುದು ಕಲಿತೆ. ಎತ್ತಿನ ಹಗ್ಗ ಇದ್ದ ಹಾಗಿದೆ, ಅಂದಳು ಶಿವಮ್ಮ.

ಎರ್ರೆಮ್ಮ ಗಂಜಿ ತಂದಳು. ಕೇಳದೆಯೇ ಹೇಳಿದಳು: "ಏಳು ವರ್ಷದಾಕಿ ಇದ್ದೆ. ರೊಟ್ಟಿ ಹಂಚಿನ ಮ್ಯಾಲ ಕೈ ಬಿತ್ತು. ಮನ್ಯಾಗ ನೀರಿದ್ದಿಲ್ಲ. ಶಾಯಿ ಹಚ್ಚಿ, ಬೆರಳು ಕೂಡಿಸಿ ಬಟ್ಟಿ ಸುತ್ತಿದ್ರು." ಎಡಗೈ ಎತ್ತಿ ತೋರಿಸಿದಳು. "ನೀ ಇಟ್ಟ ಹೆಸರು ಬರೋಬ್ಬರಿ ಐತಿ ಬಿಡು."

ನಗುತ್ತಲೇ ಅಂದಳು.

ಮಾರ್ಚ್ 23. ಬೆಳಿಗ್ಗೆ

ನಿನ್ನೆ ಪಟ್ಟಿ ಬಿಚ್ಚಿದರು. ಹೊಸ ಚರ್ಮ, ಎಳೆಗೂಸಿನದಿದ್ದಂತೆ. ಒಂದು ಬೆರಳು ಮಡಚಿತು. ಎರಡು. ನಾಲ್ಕು. ತೋರುಬೆರಳು ಒಲ್ಲೆ ಅಂತಿತ್ತು... ಶಿವಮ್ಮ ಉಸಿರು ಹಿಡಿದಳು. ಅದೂ ಮಡಚಿತು. ಆ ಕೈಯಲ್ಲೇ ನನ್ನ ಕಿವಿ ಹಿಂಡಿದಳು. ನೋವಾಯಿತು, ದೇವರ ದಯೆ.

ಮೋಟರ್ ರಿಪೇರಿಯಾದ ಮೇಲೆ ಸರದಿ ಬದಲಾಗಿದೆ, ಇವತ್ತು ನಲ್ಲಿ ಬರುವ ದಿನ. ನಾನು ಮುಲಾಮು ತರಲು ಹೋಗಬೇಕು. ಶಿವಮ್ಮ, ನೀನು ಇದನ್ನು ಕದ್ದು ಓದುತ್ತೀ ಅಂತ ಗೊತ್ತು. ಒಂದು ಉಪಕಾರ ಮಾಡು. ನೀರು ಬಂದರೆ ಎಡಗೈಯಲ್ಲೇ ಪೈಪು ಎಳೆದು ಮೊದಲು ಎರ್ರೆಮ್ಮನ ಡ್ರಮ್ಮಿಗೆ ಬಿಡು. ನಮ್ಮ ನೀಲಿ ಮಹಾರಾಜರು ಆಮೇಲೆ. ಹಾಗೇ ಪೈಪಿನ ಬಾಯಿಗೆ ಬಟ್ಟೆ ಕಟ್ಟುವುದು ಮರೆಯಬೇ — ಅಗೋ, ನಲ್ಲಿ ಬುಸ್ ಅಂತು, ನೀನು ಬಿಡು, ಪೈಪು ನಾನೇ ಎಳೆಯುತ್ತೇನೆ.