ಹೊಂಗೆಮರದಪಾಳ್ಯದ ನಡುದಾರಿಯ ತಿರುವು

ಹಿಂಗಾರು ತಿಂಗಳ ಮೂವತ್ತಮೂರನೇ ದಿನ, ನಡುದಾರಿ ವರ್ಷ ನೂರ ಎಂಬತ್ತೊಂದು, ಬೆಳಗಿನ ಕಾಫಿಯ ಹೊತ್ತು.

ಎಂಜಿನಿಯರ್ ಜಯಶೀಲಾ ಅವರಿಗೆ ಮುನಿತಾಯಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಕಾಗದವನ್ನು ಮುದುರಿ ಎಸೆಯಬೇಡಿ. ನಮ್ಮ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತೇ ತಿಂಗಳು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಆಗ ಊರಿಗೆ ಊರೇ ಮನೆಗೆ ಸುಣ್ಣ ಬಳಿಯುತ್ತ ಕೂರುತ್ತದೆ. ವರ್ಷವನ್ನು ಎಣಿಸುವುದು ನೀವು ಈಗ ಕಟ್ಟಲು ಹೊರಟಿರುವ ಕಾಲುದಾರಿ ತೆರೆದ ದಿನದಿಂದ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಿಮ್ಮ ಕಾಲದ ಸರ್ಕಾರಿ ಕಡತಗಳನ್ನು ಓದಿ ಓದಿ ಕಲಿತ ಭಾಷೆ ಇದು. ಎಲ್ಲಾದರೂ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಬಂದುಬಿಟ್ಟರೆ ನಕ್ಕು ಮುಂದೆ ಹೋಗಿ.

ಈ ಕಾಗದ ಹಿಂದಂಚೆಯಲ್ಲಿ ಬಂದಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಬಹಳ ಜನ ಅದನ್ನು ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಮ್ಮ ಪಕ್ಕದ ಮನೆಯ ಚೆನ್ನಾಜಮ್ಮ ತನ್ನ ಮುತ್ತಜ್ಜಿಗೆ ಬರೆದು ಹುಳಿಪುಡಿಯ ಅಳತೆ ಕೇಳಿದಳು. ಉತ್ತರ ಬರುವ ಅಂಚೆ ಇಲ್ಲ ಎಂಬುದು ಪುಣ್ಯಾತ್ಗಿತ್ತಿಗೆ ಮರೆತೇ ಹೋಗಿತ್ತು. ನಾನು ನನ್ನ ಒಂದೇ ಒಂದು ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ, ಅದೂ ಒಂದು ತಿರುವಿನ ಬಗ್ಗೆ. ಕೇಳಿದವರೆಲ್ಲ ನಿನಗೆ ತಲೆ ಕೆಟ್ಟಿದೆ ಎಂದರು.

ನಾನು ನಡುದಾರಿಯ ಕಡತದವಳು. ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ಊರರೈಲಿನ ನಿಲ್ದಾಣಕ್ಕೂ ನಡುವೆ ಇರುವ ಇನ್ನೂರ ಮೂವತ್ತು ಮೀಟರಿನ ಈ ಸುರಂಗದಾರಿಗೆ ಸಂಬಂಧಿಸಿದ ಪ್ರತಿಯೊಂದು ಹಾಳೆಯೂ ನನ್ನ ಕಪಾಟಿನಲ್ಲಿದೆ. ನಿಮ್ಮ ಕಾಲದ ಜನ ಇದಿಲ್ಲದೆ ಹೇಗೆ ಓಡಾಡುತ್ತಿದ್ದರು ಎಂಬುದು ನನಗೆ ಎಂದೂ ಮುಗಿಯದ ಕುತೂಹಲ. ಮೆಟ್ರೋ ಇಳಿದು, ಎಂಬತ್ತಾರು ಮೆಟ್ಟಿಲು ಹತ್ತಿ, ರಸ್ತೆ ದಾಟಿ, ರಾಜಕಾಲುವೆಯ ಮೇಲಿನ ಹಲಗೆ ದಾಟಿ, ಮತ್ತೆ ಮೇಲುಸೇತುವೆ ಹತ್ತಿ ಇಳಿದು, ಆಮೇಲೆ ರೈಲು ಹಿಡಿಯುತ್ತಿದ್ದಿರಂತೆ! ಅಹವಾಲು ಸಭೆಯ ಧ್ವನಿಮುದ್ರಣ ನನ್ನ ಹತ್ತಿರವಿದೆ. ಮೂರು ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದ ಈರಮ್ಮ ಎಂಬಾಕೆ ಎದ್ದು ನಿಂತು, "ಸ್ವಾಮಿ, ಟೇಸನ್ನು ಕಣ್ಣಿಗೆ ಕಾಣ್ತದೆ, ಕಾಲಿಗೆ ಸಿಗಾಕಿಲ್ಲ. ದಿನಾ ನನ್ ಮುಂದೇನೇ ರೈಲು ಹೊಂಟೋಯ್ತದೆ. ನೀವೊಂದ್ಸಲ ನಡ್ದು ನೋಡ್ರಪ್ಪಾ" ಎನ್ನುತ್ತಾರೆ. ಅದಕ್ಕೆ ಒಂದು ಹೆಣ್ಣುದನಿ, "ನಾಳೆ ನಿಮ್ ಜೊತೆ ನಾನು ನಡೀತೀನಮ್ಮ" ಎನ್ನುತ್ತದೆ. ಆ ದನಿ ನಿಮ್ಮದು. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಈಗ ನಿಮ್ಮ ದಾರಿ ಹೇಗಿದೆ ಎಂದು ಹೇಳಬೇಡವೇ? ಗೋಡೆಗೆ ಕಾವಿ ಬಣ್ಣ, ಕೆಳಗೆ ಒರಟು ಕಲ್ಲು. ಬೆಳಗ್ಗೆ ಹೂವಿನವರು, ಸಂಜೆ ಅವರೆಕಾಳು ಸುಲಿಯುವವರು. ಆದರೆ ಸದ್ದು ಕಡಿಮೆ, ಏಕೆಂದರೆ ನಮ್ಮವರು ಬಾಯಿಂದ ಮಾತಾಡುವುದನ್ನು ಬಹುತೇಕ ಬಿಟ್ಟಿದ್ದಾರೆ. ಕಿವಿಯ ಹಿಂದೆ ಅಂಟಿಸುವ ಮನಮಾತು ಎಂಬ ಬಿಲ್ಲೆ ಇದೆ. ಅಂದುಕೊಂಡರೆ ಸಾಕು, ಎದುರಿನವರಿಗೆ ತಲುಪುತ್ತದೆ. ದಾರಿಯ ನಟ್ಟನಡುವೆ ಮಾತ್ರ ಅದು ಸಾಲದು. ಅಲ್ಲಿ ದಾರಿ ತಟಕ್ಕನೆ ಎಡಕ್ಕೆ ಹೊರಳಿ, ಹನ್ನೊಂದು ಹೆಜ್ಜೆ ಹೋಗಿ, ಮತ್ತೆ ಬಲಕ್ಕೆ ಹೊರಳುತ್ತದೆ. ಎದುರಿಂದ ಯಾರು ಬರುತ್ತಿದ್ದಾರೆ ಎಂದು ಕಾಣುವುದಿಲ್ಲ, ಕಾಣದವರಿಗೆ ಬಿಲ್ಲೆ ಮುಟ್ಟುವುದಿಲ್ಲ. ಆದ್ದರಿಂದ ತಿರುವಿಗೆ ಬಂದವರು "ಬಂದೆ" ಎಂದು ಕೂಗುತ್ತಾರೆ. ಆಚೆ ಇರುವವರು "ಬನ್ನಿ" ಎಂದು ಗೋಡೆಗೆ ಸರಿದು ನಿಲ್ಲುತ್ತಾರೆ. ದಿನಕ್ಕೆ ಸಾವಿರ ಸಲ ಬಂದೆ, ಬನ್ನಿ, ಬಂದೆ, ಬನ್ನಿ! ಮೊದಲು ಹಾಗೆ ಕೂಗಿದವರು ಯಾರು ಎಂದು ಹುಡುಕಿ ಸೋತಿದ್ದೇನೆ.

ನಮ್ಮ ಅಪ್ಪ ಚಿಕ್ಕವೀರಯ್ಯನವರು ಈ ದಾರಿಯಲ್ಲಿ ಮೂವತ್ತೊಂದು ವರ್ಷ ದೀಪದ ಕೆಲಸ ಮಾಡಿದವರು. ಎರಡು ವರ್ಷದ ಕೆಳಗೆ ಲಕ್ವ ಹೊಡೆಯಿತು. ಬಿಲ್ಲೆ ಅವರ ತಲೆಗೆ ಹತ್ತುತ್ತಿಲ್ಲ. ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು, "ಬಂದೆ". ಹಸಿವಾದರೂ ಬಂದೆ, ಸಿಟ್ಟು ಬಂದರೂ ಬಂದೆ. ಮನೆಯಲ್ಲಿ ನಮಗೆ ಅರ್ಥವಾಗದೆ, ಅವರು ತಟ್ಟೆ ತಳ್ಳಿ, ನಾನು ಅತ್ತು, ದೊಡ್ಡ ರಾದ್ಧಾಂತ. ಒಂದು ದಿನ ಸುಮ್ಮನೆ ಇಲ್ಲಿಗೆ ಕರೆತಂದೆ. ತಿರುವಿನಲ್ಲಿ ಅಪ್ಪ "ಬಂದೆ" ಎಂದರು. ಆಚೆಯಿಂದ ಯಾರೋ, "ಬನ್ನಿ ಯಜಮಾನ್ರೇ, ನಿಧಾನ" ಎಂದರು. ಅಪ್ಪನ ಮುಖ ನೋಡಬೇಕಿತ್ತು ನೀವು. ಅಂದಿನಿಂದ ಪ್ರತಿದಿನ ಬಂದು ಒಂದು ಗಂಟೆ ಅತ್ತಿಂದಿತ್ತ ನಡೆಯುತ್ತಾರೆ. ಲೋಕದಲ್ಲಿ ಅವರ ಮಾತಿಗೆ ಉತ್ತರ ಸಿಗುವ ಜಾಗ ಇದೊಂದೇ.

ಈಗ ನಮ್ಮ ದಾರಿಸಭೆ ತಿರುವನ್ನು ತೆಗೆದು ನೇರ ಮಾಡಬೇಕು ಎನ್ನುತ್ತಿದೆ. ಅವರೇನೂ ಕೆಟ್ಟವರಲ್ಲ. ಅವಸರದವರಿಗೆ ರೈಲು ತಪ್ಪುತ್ತದೆ, ಗಾಲಿಕುರ್ಚಿಯವರಿಗೆ ಹೊರಳುವುದು ಕಷ್ಟ, ಎಲ್ಲ ನಿಜ. ನಮ್ಮ ಕಾನೂನು ಸರಳ. ಹಿಂದಿನವರು ತಪ್ಪಿ ಕಟ್ಟಿದ್ದನ್ನು ತಿದ್ದಬಹುದು. ತಿಳಿದು ಕಟ್ಟಿದ್ದನ್ನು ಮುಟ್ಟುವಂತಿಲ್ಲ. ತಿರುವು ತಪ್ಪೋ, ತಿಳಿದು ಮಾಡಿದ್ದೋ ಎಂದು ಒಂಬತ್ತು ದಿನದಲ್ಲಿ ಸಭೆಗೆ ಹೇಳಬೇಕಾದವಳು ನಾನೇ. ತಿಳಿದೇ ಮಾಡಿದ್ದಿರಬೇಕು ಎಂದು ನಂಬಿಕೊಂಡು ಕಪಾಟು ತೆಗೆದೆ. ಬಂಡೆ ಅಡ್ಡ ಬಂದಿರಬಹುದು, ಹಳೇ ಬಾವಿ ಇದ್ದಿರಬಹುದು ಎಂದುಕೊಂಡೆ.

ಬಂಡೆಯೂ ಇಲ್ಲ, ಬಾವಿಯೂ ಇಲ್ಲ. ಇದ್ದದ್ದು ಬಿಸಿಲು ಮಾತ್ರ.

ಜಯಶೀಲಾ ಅವರೇ, ಈ ಕಾಗದ ನಿಮ್ಮ ಕೈಸೇರುವ ದಿನ ಊರರೈಲಿನ ಬದಿಯ ಗುದ್ದಲಿ ಪೂಜೆ ಮುಗಿದಿರುತ್ತದೆ. ಅಳತೆಯ ಕಲ್ಲು ಇದ್ದದ್ದು ಬಯಲಿನಲ್ಲಿ. ಮುಖ್ಯ ಅತಿಥಿಗಳಿಗೆ ಬಿಸಿಲು ತಡೆಯದು ಎಂದು ಶಾಮಿಯಾನವನ್ನು ಹೊಂಗೆಮರದ ನೆರಳಿಗೆ ಎಳೆದರು. ಪೂಜೆಗೆ ಕಲ್ಲು ಬೇಕಲ್ಲ? ಅಲ್ಲೇ ಬಿದ್ದಿದ್ದ ಒಂದನ್ನು ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದರು. ಮಾರನೆಯ ದಿನ ಅಗೆಯಲು ಬಂದ ಹೊಸ ತಂಡದವರು ಎರಡು ಕಲ್ಲು ನೋಡಿದರು. ಕುಂಕುಮ ಇರುವುದೇ ನಿಜವಾದ ಕಲ್ಲು ಎಂದುಕೊಂಡು ಅಲ್ಲಿಂದಲೇ ಅಳತೆಯ ದಾರ ಹಿಡಿದರು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು, ಅಲ್ಲವೇ? ಮೆಟ್ರೋ ಕಡೆಯವರು ಸರಿಯಾಗಿಯೇ ಅಗೆದುಕೊಂಡು ಬಂದರು. ಕೊನೆಗೆ ಎರಡು ಸುರಂಗ ಸೇರಬೇಕಾದ ಕಡೆ ಇವರಿಗೂ ಮಣ್ಣೇ, ಅವರಿಗೂ ಮಣ್ಣೇ. ಒಂದು ಸುರಂಗ ಇನ್ನೊಂದರಿಂದ ಏಳು ಮೀಟರ್ ಪಕ್ಕಕ್ಕೆ ಸರಿದುಬಿಟ್ಟಿತ್ತು. ಅದನ್ನು ಜೋಡಿಸಿದ್ದೇ ನಮ್ಮ ತಿರುವು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹಾಳೆಯನ್ನು ಹರಿದುಬಿಡಲೇ ಎಂದೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಹರಿಯಲಾರೆ. ಕಡತದವಳು ಕಡತ ಹರಿದರೆ ಇನ್ನೇನು ಉಳಿಯಿತು?

ಆದ್ದರಿಂದ ಈ ಕಾಗದ ಬರೆದು ತೀರ್ಮಾನವನ್ನು ನಿಮಗೇ ಬಿಟ್ಟಿದ್ದೇನೆ. ನಾಳೆ ಬೆಳಗ್ಗೆ ತಂಡ ಬರುವ ಮುಂಚೆ ನೀವು ಆ ಬಯಲಿಗೆ ಹೋಗಿ ನಿಲ್ಲಬಹುದು. ಯಾವ ಕಲ್ಲು ಸರಿ, ಯಾವುದು ತಪ್ಪು ಎಂದು ನಿಮಗೀಗ ಗೊತ್ತು. ಕುಂಕುಮದ ಕಲ್ಲನ್ನು ಕಿತ್ತರೆ ದಾರಿ ನೇರವಾಗುತ್ತದೆ, ಈರಮ್ಮನವರಿಗೆ ಹನ್ನೊಂದು ಹೆಜ್ಜೆ ಉಳಿಯುತ್ತದೆ. ಅದು ನಿಮ್ಮ ಹಕ್ಕು, ನಾನು ಬೈಯುವುದಿಲ್ಲ. ಬಿಟ್ಟರೆ, ದಯವಿಟ್ಟು ತಿರುವನ್ನು ಗಾಲಿಕುರ್ಚಿ ಹೊರಳುವಷ್ಟು ಅಗಲ ಮಾಡಿ, ನಕ್ಷೆಯ ಬಲಮೂಲೆಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿ: ತಿಳಿದೇ ಬಿಟ್ಟಿದ್ದೇನೆ. ತಿಳಿದು ಬಿಟ್ಟದ್ದು ತಪ್ಪಲ್ಲ. ಸಭೆಗೆ ನಾನು ಸುಳ್ಳು ಹೇಳಬೇಕಾಗಿಯೂ ಇಲ್ಲ. ಈರಮ್ಮನವರನ್ನೂ ಒಂದು ಮಾತು ಕೇಳಿ; ನಡೆಯುವವರು ಅವರು.

ನಿಮ್ಮ ನಕ್ಷೆ ನನ್ನ ಮೇಜಿನ ಮೇಲಿದೆ. ಅದರ ಬಲಮೂಲೆ ಹಳೇ ಗೋಂದಿಗೆ ಮಡಿಚಿ ಅಂಟಿಕೊಂಡಿದೆ, ನಾನಿನ್ನೂ ಬಿಡಿಸಿಲ್ಲ. ಈ ಕಾಗದ ಅಂಚೆಗೆ ಹಾಕಿ ಬಂದ ಮೇಲೆ ಬಿಸಿನೀರಿನ ಹಬೆ ಹಿಡಿದು ಬಿಡಿಸುತ್ತೇನೆ. ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಳ್ಳುತ್ತೇನೆ. ಅವರು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, ತಿರುವಿಗೆ ಹೋಗುವ ಹೊತ್ತಾಯಿತು ಎಂದು ನನ್ನನ್ನು ಕರೆಯುತ್ತಿದ್ದಾರೆ, ಅವರಿಗೆ ಉಳಿದಿರುವ ಆ ಒಂದೇ ಮಾತಿನಲ್ಲಿ.

ನಿಮ್ಮ,
ಮುನಿತಾಯಿ